ಸಾಹೇಬರ ನಿದ್ದೆ

ನಮ್ಮ ಧನಕವಡಿಯ ಕನ್ನಡ ಬಳಗದವರು ಈ ಸಲದ ಸಂಚಿಕೆಗೆ ಸಾಹೇಬರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನನಗೆ ಹೇಳಿ ಹೋದರು. "ಎದುರಾ ಎದುರು ಮನಿಯವರು ನೀವು. ನಿಮ್ಮ ಅವ್ವಾರಿಗೆ ಎಷ್ಟು ಉಪಕಾರ ಮಾಡ್ಯಾರ. ನೀವು ಬರದರಽ ಛಂದ" ಅಂದರು. ಹೂಂ ಅಂದೆ. ಬರೆಯಲು ಕೂತರೆ ಅವರಿಗೆ ಬೇಕಾದಂಥದ್ದು ಒಂದು ಸಾಲೂ ಬರಲಿಲ್ಲ. ಬಂದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲ, ನನಗೆ ಗೊತ್ತು.

ಹೆಸರು ಬರೆಯುವುದಿಲ್ಲ. ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಕೂಡ. ಧಾರವಾಡದ ಕಡೆಯವರು. ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿ, ವರ್ಷಗಟ್ಟಲೆ ಕಂಪನಿಯ ಬಸ್ಸಿನಲ್ಲಿ ಹೋಗಿ ಬಂದು ಮಾಡಿ ನಿವೃತ್ತರಾದವರು. ದೊಡ್ಡ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಟ್ಟಿಲ ಮೇಲೆ ಎದುರಾದರೆ ಮೊದಲು ತಾವೇ ಕೈಮುಗಿಯುವ ಸೌಜನ್ಯ. ಮಕ್ಕಳಿರಲಿಲ್ಲ. ಹೋದ ದೀಪಾವಳಿ ಮುಗಿದ ಮೇಲೆ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಹೆಂಡತಿ ದೌಂಡದಿಂದ ಬಂದರು, ಮಾಡಿಸಬೇಕಾದ ವಿಧಿಗಳನ್ನು ಮಾಡಿಸಿದರು, ಮನೆಗೆ ಬೀಗ ಹಾಕಿ ಮರಳಿ ದೌಂಡಕ್ಕೆ ಹೋದರು. "ಗಂಡ ಸತ್ತಾನ, ಕಣ್ಣಾಗ ಒಂದು ಹನಿ ನೀರಿಲ್ಲ ನೋಡ್ರಿ" ಎಂದು ಮೆಟ್ಟಿಲ ಮೇಲೆ ಹೆಂಗಸರು ಮಾತಾಡಿಕೊಂಡರು. ನಾನು ಅವರನ್ನು ಹಾದು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮೊದಲು ಉಪಕಾರದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸುಳ್ಳಲ್ಲ.

ನನ್ನ ಅವ್ವನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಗಾಬರಿಯಿಂದ ಮೈ ಎಚ್ಚರಾಗುತ್ತದೆ, ಮತ್ತೆ ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ಮನುಷ್ಯ ದಣಿದು ಹೆಣದಂತಾಗಿರುತ್ತಾನೆ. ಡಾಕ್ಟರು ಒಂದು ಯಂತ್ರ ಕೊಡಿಸಿದರು. ಮೂಗಿಗೆ ಮಾಸ್ಕು, ಅದಕ್ಕೊಂದು ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಗಾಳಿ ತಳ್ಳುವ ಸಣ್ಣ ಪೆಟ್ಟಿಗೆ. ಆ ಗಾಳಿ ಗಂಟಲನ್ನು ತೆರೆದಿಡುತ್ತದೆ. ಅವ್ವ ವರ್ಷಗಳ ಮೇಲೆ ನೆಟ್ಟಗೆ ನಿದ್ದೆ ಮಾಡಿದಳು. ಆದರೆ ಕರೆಂಟು ಹೋದರೆ ಪೆಟ್ಟಿಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಬಿರುಗಾಳಿ ಎದ್ದು ತಂತಿಯ ಮೇಲೆ ಟೊಂಗೆ ಬಿದ್ದಾಗಲೆಲ್ಲ ಮಾಸ್ಕು ಕಿತ್ತೆಸೆದು ಎದ್ದು ಕೂಡುತ್ತಿದ್ದಳು. ಕಡೆಕಡೆಗೆ ಮಲಗಲಿಕ್ಕೇ ಅಂಜತೊಡಗಿದಳು.

ಸಾಹೇಬರು ಇದನ್ನು ಯಾರಿಂದಲೋ ಕೇಳಿ ತಾವಾಗಿಯೇ ಬಂದರು. "ಅವ್ವಾರ, ನನಗೂ ಇದಽ ರೋಗ. ನಾನು ಬ್ಯಾಟರಿ ಮ್ಯಾಲ ನಡಸ್ತೇನಿ, ಕರೆಂಟು ಹೋದದ್ದು ನನಗ ಗೊತ್ತೂ ಆಗೂದಿಲ್ಲ. ನಿಮಗೂ ಮಾಡಿಕೊಡ್ತೇನಿ" ಅಂದರು. ಮಾಡಿಯೂ ಕೊಟ್ಟರು. ತಾವೇ ಅಲೆದು ಬ್ಯಾಟರಿ, ಇನ್ವರ್ಟರ್ ಆರಿಸಿದರು. ಇನ್ವರ್ಟರ್ ತಂದಮೇಲೆ ಯಂತ್ರಕ್ಕೆ ಕಿವಿ ಹಚ್ಚಿ ಕೇಳಿ, "ಗುಂಯ್ ಅಂತದ, ಇದು ಕೀಳು ಮಾಲು, ಮೋಟರ್ ತಿಂದು ಹಾಕ್ತದ" ಎಂದು ಅಂಗಡಿಯವನಿಗೆ ಬೈದು ಬದಲು ಮಾಡಿಸಿ ತಂದರು. ಒಂದು ಕಪ್ ಚಹಾದ ಹೊರತು ಏನೂ ಮುಟ್ಟಲಿಲ್ಲ. ಅವ್ವ ಎರಡೂ ಕೈಯೆತ್ತಿ ಹರಸಿದಳು. ಹೀಗೆ ಅವರು ನಮ್ಮ ಭಾಗದಲ್ಲಿ ಎಷ್ಟೋ ಮನೆಗೆ ಮಾಡಿಕೊಟ್ಟಿದ್ದಾರೆ. ಹಿಂದಿನ ಬಿಲ್ಡಿಂಗಿನ ಮರಾಠಿ ಅಜ್ಜನೊಬ್ಬ ಅವರನ್ನು ಕಂಡರೆ ಕಾಲಿಗೆ ಬೀಳಲು ಬರುತ್ತಿದ್ದ.

ಆದರೆ ನಮ್ಮ ಮನೆಯಲ್ಲಿ ಅವರು ಕೆಲಸ ಮಾಡಿದ ಆ ಮಧ್ಯಾಹ್ನವೇ ನಾನು ಇನ್ನೊಂದನ್ನೂ ನೋಡಿದೆ. ಹತ್ಯಾರದ ಚೀಲ ಹೊತ್ತು ಅವರ ಹೆಂಡತಿ ಹಿಂದೆ ಬಂದಿದ್ದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಸಣಕಲು ಜೀವ. ಸಾಹೇಬರು ನೆಲಕ್ಕೆ ಕೂತು, ತಿರುಗಿ ನೋಡದೆ ಅಂಗೈ ಹಿಂದಕ್ಕೆ ಚಾಚುತ್ತಿದ್ದರು. ಏನು ಬೇಕೆಂದು ವೈನಿ ತಿಳಿದುಕೊಂಡು ಆ ಅಂಗೈಯಲ್ಲಿ ಇಡಬೇಕು. ತಪ್ಪಾದದ್ದು ಇಟ್ಟರೆ ಬೈಯುತ್ತಿರಲಿಲ್ಲ. ಅದನ್ನು ಹಾಗೇ ನೆಲಕ್ಕೆ ಬೀಳಲು ಬಿಟ್ಟು ಮತ್ತೆ ಅಂಗೈ ಚಾಚುತ್ತಿದ್ದರು. ವೈನಿ ಬಗ್ಗಿ ಎತ್ತಿಕೊಂಡು ಬೇರೆಯದನ್ನು ಇಡುತ್ತಿದ್ದರು. ಇದೆಲ್ಲ ನಡೆಯುವಾಗ ಸಾಹೇಬರು ನನ್ನ ಅವ್ವನ ಜೊತೆ ಧಾರವಾಡದ ಪೇಢೆಯ ಬಗ್ಗೆ ಬಹಳ ಪ್ರೀತಿಯಿಂದ ಮಾತಾಡುತ್ತಿದ್ದರು.

ಬರಬರುತ್ತ ಆ ಮನೆಯೊಳಗೆ ನನ್ನ ಓಡಾಟ ಹೆಚ್ಚಾಯಿತು. ಹೆಚ್ಚಾದಷ್ಟೂ ಹೇಸಿಗೆ ಹೆಚ್ಚಾಯಿತು.

ಸಾಹೇಬರು ಊಟ ಮಾಡಿ ತಾಟಿನಲ್ಲೇ ಕೈ ತೊಳೆದು, ಬಾಯಿ ಮುಕ್ಕಳಿಸಿ ಅದರಲ್ಲೇ ಉಗುಳಿ, ಹೆಂಡತಿಯ ಕಡೆ ಸರಿಸುತ್ತಿದ್ದರು. ಬೆಳಿಗ್ಗೆ ಎದ್ದವರು ಮುಖದ ಜಿಡ್ಡು, ಜೊಲ್ಲು ಅಂಟಿದ ಮಾಸ್ಕನ್ನು ತಂದು ಅಡಿಗೆಮನೆಯ ಮೋರಿಯಲ್ಲಿ, ಚಹಾದ ಪಾತ್ರೆಗಳ ನಡುವೆ ಬಿಡುತ್ತಿದ್ದರು. ವೈನಿ ಅದನ್ನು ಸೋಪಿನಿಂದ ತಿಕ್ಕಿ, ಕೊಳವೆಗೆ ನೀರು ಹಾಯಿಸಿ, ಬಾಲ್ಕನಿಯ ನೆರಳಿಗೆ ತೂಗುಹಾಕಬೇಕು. ತಡವಾದರೆ ಅದು ಒಣಗಿರುವುದಿಲ್ಲ. ಹಸಿ ಇದ್ದರೆ ಸಾಹೇಬರ ಮೂಗು ಕೆರೆಯುತ್ತದೆ.

ಬಾಲ್ಕನಿಯಲ್ಲೇ ಅವರ ಬ್ಯಾಟರಿ. ಸಣ್ಣ ಟ್ರಂಕಿನಷ್ಟಿದ್ದ, ಆಸಿಡ್ ತುಂಬಿದ ಇನ್ವರ್ಟರ್ ಬ್ಯಾಟರಿ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಆದರೆ ಅದರ ಬುಚ್ಚು ಬಿಚ್ಚಿ ಆಗಾಗ ಡಿಸ್ಟಿಲ್ಡ್ ನೀರು ತುಂಬುವವರು ವೈನಿ. ತುದಿಗಳಿಗೆ ಬೆಳೆಯುವ ಬಿಳಿ ಹಿಟ್ಟನ್ನು ಉಜ್ಜಿ ತೆಗೆಯುವವರೂ ಅವರೇ. ಅವರ ದಿನಬಳಕೆಯ ಸೀರೆಗಳ ಸೆರಗಿಗೆಲ್ಲ ಆಸಿಡ್ ಸಿಡಿದು ತೂತು ಬಿದ್ದಿದ್ದವು.

ಒಂದು ಬೇಸಿಗೆಯ ಸಂಜೆ ಕರೆಂಟು ಇಲ್ಲದಾಗ ಅವರ ಮನೆಗೆ ಹೋಗಿದ್ದೆ. ಸೆಖೆಗೆ ಉಸಿರು ತಿರುಗುತ್ತಿರಲಿಲ್ಲ. "ಬ್ಯಾಟರಿ ಅದ ಅಲ್ರಿ ಸಾಹೇಬರ, ಫ್ಯಾನ್ ಹಚ್ಚಬಹುದಲ್ಲ?" ಎಂದು ಕೇಳಿದೆ.

"ಲೋಡ್ ನೋಡಬೇಕ್ರಿ ಬಾಯಾರ" ಅಂದರು. ಅದು ಅವರ ಕಾಯಂ ಮಾತು. "ರಾತ್ರಿ ಮಷೀನ್ ನಡೀಬೇಕು. ಫ್ಯಾನ್ ಹಚ್ಚಿದ್ರ ಬ್ಯಾಟರಿ ಇಳೀತದ. ಈಕಿಗೇನು, ರೂಢಿ ಅದ."

ವೈನಿ ಹಳೆಯ ಮದುವೆ ಪತ್ರಿಕೆಯಿಂದ ಗಾಳಿ ಬೀಸುತ್ತ ಕೂತಿದ್ದರು. ತಮಗಲ್ಲ, ಸಾಹೇಬರಿಗೆ.

ಅವರು ಹೆಂಡತಿಯನ್ನು ಹೊಡೆದದ್ದು, ಕೂಗಾಡಿದ್ದು ನಾನು ನೋಡಿಲ್ಲ. ಕುಡಿಯುತ್ತಿರಲಿಲ್ಲ. ಹಾಗೇನಾದರೂ ಇದ್ದಿದ್ದರೆ ಜನಕ್ಕೆ ಹೇಳಲು ಸುಲಭವಾಗುತ್ತಿತ್ತು. ಇದನ್ನು ಹೇಳಿದರೆ ಜನ, "ಅಷ್ಟಽ ಏನು?" ಅನ್ನುತ್ತಾರೆ.

ವೈನಿಗೆ ಹಗಲು ಹೊತ್ತು ಜೋಂಪು ಹತ್ತುವುದು ನನ್ನ ಕಣ್ಣಿಗೆ ಬಿದ್ದದ್ದು ಆ ವರ್ಷವೇ. ಕಾಯಿಪಲ್ಯ ಹೆಚ್ಚುತ್ತ ಕೂತಲ್ಲೇ ತಲೆ ವಾಲುತ್ತಿತ್ತು. ಒಮ್ಮೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಸೆರಗಿನ ತುದಿಗೆ ಬೆಂಕಿ ತಾಗಿತು. ಪಕ್ಕದಲ್ಲಿದ್ದ ನಾನು ನೀರು ಎರಚಿದೆ. ದಿನಾ ಬೆಳಿಗ್ಗೆ ತಲೆನೋವು. ಸಾಹೇಬರು ಅದಕ್ಕೆ ನಗುತ್ತಿದ್ದರು. "ಕುಂತಲ್ಲೇ ನಿದ್ದಿ. ಆಳಸಿ ಆಗ್ಯಾಳ. ವಯಸ್ಸಾತು ನೋಡ್ರಿ."

ಅವ್ವನೇ ಗುರುತು ಹಿಡಿದಳು. "ನನಗೂ ಹಿಂಗಽ ಆಗ್ತಿತ್ತವಾ. ಆಕೀನ್ನ ನನ್ನ ಡಾಕ್ಟರ ಕಡೆ ಕರಕೊಂಡು ಹೋಗು" ಅಂದಳು.

ಸಾಹೇಬರಿಗೆ ಹೇಳಿದೆ. "ಗೊರಕಿ ಹೊಡಿಯಂಗಿಲ್ಲ ಆಕಿ. ಗೊರಕಿ ಇಲ್ಲದ ಈ ರೋಗ ಎಲ್ಲಿಂದ ಬರಬೇಕು? ಹೆಂಗಸರಿಗೆ ಇದು ಬರೂದಿಲ್ಲ" ಅಂದರು. ಎದುರಿಗೆ ನನ್ನ ಅವ್ವ ಕೂತಿದ್ದಳು, ಅವರೇ ಮಾಡಿಕೊಟ್ಟ ಬ್ಯಾಟರಿಯ ಮೇಲೆ ನಿದ್ದೆ ಮಾಡುವ ಹೆಂಗಸು. ಅವರಿಗೆ ಅದು ಹೊಳೆಯಲಿಲ್ಲ.

ನಾನು ಬ್ಯಾಂಕಿಗೆ ರಜೆ ಹಾಕಿ ವೈನಿಯನ್ನು ಕರೆದುಕೊಂಡು ಹೋದೆ. ಪರೀಕ್ಷೆಗೆ ಬೇಕಾದ ಪಟ್ಟಿ, ತಂತಿಗಳನ್ನು ಕೊಟ್ಟು ಕಳಿಸಿದರು; ಅವನ್ನು ಮೈಗೆ ಕಟ್ಟಿಕೊಂಡು ವೈನಿ ಒಂದು ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು. ವರದಿ ನೋಡಿ, ಸಾಹೇಬರಿಗೂ ಔಷಧ ಕೊಡುತ್ತಿದ್ದ ಆ ಡಾಕ್ಟರು, ಗಂಡನದಕ್ಕಿಂತ ಇವರ ರೋಗ ಜೋರಾಗಿದೆ, ಗೊರಕೆ ಕಡಿಮೆ ಇರುವುದರಿಂದ ಯಾರಿಗೂ ತಿಳಿದಿಲ್ಲ, ಯಂತ್ರವಿಲ್ಲದೆ ಮಲಗಿಸಲೇಬೇಡಿ, ಹೃದಯಕ್ಕೆ ಪೆಟ್ಟು ಎಂದರು. ಯಂತ್ರವನ್ನು ದೌಂಡದಲ್ಲಿದ್ದ ವೈನಿಯ ತಂಗಿ ಕೊಡಿಸಿದಳು. ಸಾಹೇಬರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಕರೆಂಟು ಹೋದಾಗ ಏನು ಮಾಡುವುದು ಎಂಬ ಪ್ರಶ್ನೆ ಬಂತು. ನಾನು, "ನಿಮ್ಮ ಬ್ಯಾಟರಿಗೇ ಇನ್ನೊಂದು ವಾಯರ್ ಹಚ್ಚಿಬಿಡ್ರಿ" ಅಂದೆ.

"ಲೋಡ್ ನೋಡಬೇಕ್ರಿ ಬಾಯಾರ. ಎರಡು ಮಷೀನ್ ತಡಿಯೂದಿಲ್ಲ ಅದು."

ಡಾಕ್ಟರ ಹತ್ತಿರ ಯಂತ್ರ ಜೋಡಿಸಿಕೊಡುವ ಹುಡುಗಿಯನ್ನು ಫೋನು ಮಾಡಿ ಕೇಳಿದೆ. ಅವಳು ಹೇಳಿದ್ದೇ ಬೇರೆ. ಯಂತ್ರದೊಳಗೆ ಗಾಳಿಯನ್ನು ಹಸಿ ಮಾಡಲು ನೀರು ಕಾಯಿಸುವ ಒಂದು ಸಣ್ಣ ತೊಟ್ಟಿ ಇರುತ್ತದೆ. ಕರೆಂಟು ಹೆಚ್ಚು ತಿನ್ನುವುದು ಅದೇ. ಬ್ಯಾಟರಿಯ ಮೇಲೆ ನಡೆಸುವಾಗ ಅದನ್ನು ಬಂದ್ ಮಾಡಿದರೆ ಅಷ್ಟು ದೊಡ್ಡ ಬ್ಯಾಟರಿಗೆ ಎರಡು ಯಂತ್ರ ಏನೂ ಭಾರವಲ್ಲ. ಓಡಿಹೋಗಿ ಸಾಹೇಬರಿಗೆ ತಿಳಿಸಿದೆ.

"ಗೊತ್ತದರಿ ನನಗ" ಅಂದರು ತಣ್ಣಗೆ. "ಆದರ ಅದನ್ನ ಬಂದ್ ಮಾಡಿದ್ರ ನನ್ನ ಗಂಟಲ ಒಣಗ್ತದ."

ಇದನ್ನು ಅವರು ಹೆಂಡತಿಯ ಮುಂದೆಯೇ ಹೇಳಿದರು. ಹೇಳಿ, ಗಂಟಲು ಎಷ್ಟು ಸೂಕ್ಷ್ಮ ಎಂದು ತೋರಿಸಲು ಕ್ಯಾಕರಿಸಿ ಎದ್ದುಹೋಗಿ ಮೋರಿಯಲ್ಲಿ ಉಗುಳಿ ಬಂದರು. ನಾನು ಕೈಯಲ್ಲಿದ್ದ ಚಹಾ ಹಾಗೇ ಇಟ್ಟು ಎದ್ದೆ.

ನನ್ನ ಹಿಂದೆಯೇ ವೈನಿ ಬಂದರು. ನಮ್ಮ ಬಾಗಿಲಲ್ಲಿ ನಿಂತು, "ತಂಗೀ, ನನಗ ನಂದಽ ಒಂದು ಬೇಕು. ಸಣ್ಣದಿರಲಿ. ಇಬ್ರೂ ಕೂಡಿ ಮಾಡೂಣೇನು?" ಅಂದರು. ಅವರು ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲು ನೋಡಿದೆ.

ನಮ್ಮಿಬ್ಬರಿಗೂ ಇದರ ವಿದ್ಯೆ ಇರಲಿಲ್ಲ. ಬುಧವಾರ ಪೇಠೆಯ ವಿದ್ಯುತ್ ಸಾಮಾನಿನ ಗಲ್ಲಿಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆವು. "ಮಾವಶಿ, ಕಶಾಸಾಠಿ ಪಾಹಿಜೆ?" ಎಂದು, ಯಾತಕ್ಕೆ ಬೇಕೆಂದು, ಅಂಗಡಿಯವನು ಕೇಳಿದರೆ ವೈನಿ ನಾಚದೆ, ತಮಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಂದು ಮರಾಠಿಯಲ್ಲಿ ಪೂರ್ತಿ ಹೇಳುತ್ತಿದ್ದರು. ಆಸಿಡ್ ಇಲ್ಲದ, ನೀರು ಕೇಳದ ಲಿಥಿಯಂ ಬ್ಯಾಟರಿಯೇ ಬೇಕೆಂದರು. "ಸೀರಿ ಸುಟ್ಟಿದ್ದು ಸಾಕು." ಊಟದ ಡಬ್ಬಿಗಿಂತ ತುಸು ದೊಡ್ಡದು ಸಿಕ್ಕಿತು. ಇನ್ವರ್ಟರ್ ಬೇಡ, ಬ್ಯಾಟರಿಯಿಂದ ನೇರ ಯಂತ್ರಕ್ಕೆ ತಂತಿ ಎಳೆದರೆ ಕರೆಂಟು ಪೋಲಾಗುವುದಿಲ್ಲ ಎಂದು ಯಂತ್ರ ಜೋಡಿಸುವ ಆ ಹುಡುಗಿ ಹೇಳಿದ್ದಳು. ವೈನಿ ಮನೆಯಿಂದ ತಂದ ಒಂದು ಕೆಂಪು ವಾಯರ್ ಹಚ್ಚಿ ಹಾಗೆಯೇ ನಮ್ಮ ಮನೆಯಲ್ಲಿ ಜೋಡಿಸಿ ಗುಂಡಿ ಒತ್ತಿದೆವು. ದೀಪ ಮಿನುಗಿ ಆರಿಹೋಯಿತು. ಮತ್ತೆ ಒತ್ತಿದೆವು, ಮತ್ತೆ ಆರಿತು. ಎಲ್ಲ ಹಾಳಾಯಿತೆಂದು ನಾನು ಕೂತುಬಿಟ್ಟೆ. ವೈನಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, "ಏಳು, ಅವನಿಗೇ ತೋರಸೂಣು" ಅಂದರು. ಅಂಗಡಿಯವನು ಯಂತ್ರದ ತಳದಲ್ಲಿ ಬರೆದದ್ದನ್ನು ಓದಿ, ಇದಕ್ಕೆ ನಿಮ್ಮ ಬ್ಯಾಟರಿಯ ಎರಡರಷ್ಟು ವೋಲ್ಟ್ ಬೇಕು ಎಂದು ನಡುವೆ ಹಾಕಲು ಅಂಗೈಯಷ್ಟರ ಒಂದು ಕನ್ವರ್ಟರ್ ಕೊಟ್ಟ. ಬ್ಯಾಟರಿಗೆ ಹತ್ತಿರದಲ್ಲೇ ಒಂದು ಫ್ಯೂಸನ್ನೂ ಹಾಕಿಸಿದ. ತಂತಿಗೆ ಏನಾದರೂ ಆದರೆ ಮೊದಲು ಅದು ಸುಟ್ಟು ಮನೆ ಉಳಿಯಬೇಕು.

ಪರೀಕ್ಷೆಯನ್ನು ಹಗಲಿನಲ್ಲೇ ಮಾಡಿದೆವು. ಊಟ ಮಾಡಿ ವೈನಿ ನಮ್ಮ ದಿವಾನದ ಮೇಲೆ ಮಾಸ್ಕು ಹಾಕಿಕೊಂಡು ಮಲಗಿದರು. ಗೋಡೆಯ ಪ್ಲಗ್ಗಿನಲ್ಲಿ ಏನೂ ಇರಲಿಲ್ಲ. ಬರೀ ಆ ಡಬ್ಬಿ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂತಳು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ವೈನಿ ಎದ್ದು, ಮಾಸ್ಕು ತೆಗೆದು, ಸುಮ್ಮನೆ ಗೋಡೆ ನೋಡುತ್ತ ಕೂತರು. "ತಲಿ ಹಗರಾಗೇದವಾ. ಇಷ್ಟು ದಿನ ಭಾರ ಇತ್ತು ಅನ್ನೂದಽ ಗೊತ್ತಿರಲಿಲ್ಲ" ಅಂದರು.

ಸಾಹೇಬರು ಡಬ್ಬಿಯನ್ನು ನೋಡಿ, "ಆಟದ ಸಾಮಾನು" ಅಂದರು.

ಅಲ್ಲಿಂದ ವೈನಿ ಒಂದನ್ನು ನಿಲ್ಲಿಸಿದರು. ದೊಡ್ಡ ಬ್ಯಾಟರಿಗೆ ನೀರು ತುಂಬುವುದನ್ನು. ಅಡಿಗೆ, ಬಟ್ಟೆ, ಮಾಸ್ಕು ತೊಳೆಯುವುದು ಎಲ್ಲ ಮೊದಲಿನಂತೆಯೇ ನಡೆಯಿತು. ನೀರು ತುಂಬುವ ದಿನ ಬಂದಾಗ ಬಾಟಲಿಯನ್ನು ತಂದು ಸಾಹೇಬರ ಮುಂದೆ ಇಟ್ಟು, "ಇನ್ನ ಮ್ಯಾಲ ಇದು ನಿಮ್ಮ ಕೆಲಸ" ಅಂದರಂತೆ. ಅವರು ಪೇಪರು ಓದುತ್ತಿದ್ದರು. ಬಾಟಲಿ ಅಲ್ಲೇ ಕಿಟಕಿಯಲ್ಲಿ ಧೂಳು ಹಿಡಿಯಿತು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಗಾಳಿ ಸಮೇತ ದೊಡ್ಡ ಮಳೆ ಬಿತ್ತು. ಮುಖ್ಯ ರಸ್ತೆಯಲ್ಲಿ ಮರ ಉರುಳಿ ಕಂಬಗಳನ್ನೇ ಎಳೆದುಕೊಂಡು ಬಿತ್ತು. ಬೆಳಗಾದರೂ ಕರೆಂಟು ಬಂದಿರಲಿಲ್ಲ. ಅವ್ವನಿಗೆ ಚಹಾ ಕೊಟ್ಟು, ವೈನಿಯ ಡಬ್ಬಿ ಹೇಗೆ ನಡೆಯಿತೆಂದು ಕೇಳಲು ಎದುರು ಮನೆಗೆ ಹೋದೆ.

ಸಾಹೇಬರು ದಾಡಿ ಮಾಡಿಕೊಂಡು, ಪೌಡರ್ ಹಚ್ಚಿಕೊಂಡು ಚಹಾ ಕುಡಿಯುತ್ತಿದ್ದರು. "ಬರ್ರಿ ಬಾಯಾರ. ಮಾನಬೇಕ್ರಿ ನಿಮ್ಮನ್ನ. ಡಬ್ಬಿ ಸಣ್ಣದಾದ್ರೂ ಛಲೋ ಮಾಡೀರಿ. ಮಸ್ತ್ ನಿದ್ದಿ ಬಂತು" ಅಂದರು.

ನನಗೆ ಮೊದಲು ತಿಳಿಯಲಿಲ್ಲ. ಒಳಗೆ ಹೋದೆ. ವೈನಿ ಅಡಿಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ತುಟಿಗೆ ಬಣ್ಣವೇ ಇರಲಿಲ್ಲ.

"ಅವರ ಬ್ಯಾಟರಿ ಕೈ ಕೊಡ್ತು. ನೀರಿಲ್ಲದ ಒಣಗಿತ್ತಲ್ಲ" ಅಂದರು. "ನಾ ಹಚಗೊಂಡು ಮಲಗಿದ್ದೆ. ಎಚ್ಚರಾದಾಗ ಮಾಸ್ಕಿನಾಗ ಗಾಳಿ ಇರಲಿಲ್ಲ. ನೋಡಿದ್ರ ವಾಯರ್ ಕಿತ್ತು ತಮ್ಮದಕ್ಕ ಹಾಕ್ಕೊಂಡಾರ."

"ಎಬ್ಬಿಸಿ ಕೇಳಲಿಲ್ಲೇನು ನಿಮ್ಮನ್ನ?"

"ಇಲ್ಲ. ಮತ್ತ ನಾನೂ ಅವರನ್ನ ಎಬ್ಬಸಲಿಲ್ಲ. ಇಲ್ಲೆ ಬಂದು ಕುಂತೆ. ಮಲಗಿದ್ರ ಉಸಿರು ಹೋದೀತು ಅಂತ ಅಂಜಿಕಿ ಆತು."

ನಾನು ಹೊರಗೆ ಬಂದು ಸಾಹೇಬರ ಎದುರು ನಿಂತೆ. ಅವರು ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದರು. "ಆಕಿದನ್ನ ಕಿತ್ತು ನೀವು ಹಾಕ್ಕೊಂಡ್ರೇನು?" ಅಂದೆ.

"ನನ್ನ ರೋಗ ಹಳೇದ್ರಿ" ಅಂದರು. ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಸಣ್ಣವರಿಗೆ ತಿಳಿಸುವ ದನಿ. "ಆಕಿಗೆ ಮೊನ್ನೆ ಬಂದದ. ತಡಕೋತಾಳ."

ಮೆತ್ತಗಾದ ಬಿಸ್ಕೀಟು ಮುರಿದು ಕಪ್ಪಿನೊಳಗೆ ಬಿತ್ತು. ಅದನ್ನು ಎರಡು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡರು. ಅವರ ಮುಖ ನೆನಪಾದರೆ ಇವತ್ತಿಗೂ ನನಗೆ ಆ ಬೆರಳುಗಳೇ ಕಾಣುತ್ತವೆ. ಅಂಥ ಹೇಸಿಗೆ ನನಗೆ ಇನ್ನೊಬ್ಬ ಮನುಷ್ಯನ ಮೇಲೆ ಹುಟ್ಟಿಲ್ಲ.

ವೈನಿ ಅವತ್ತೇ ಹೊರಟರು. ಜಗಳವಾಡಲಿಲ್ಲ. ಸಾಹೇಬರಿಗೆ ಅನ್ನ ಮಾಡಿ ಮುಚ್ಚಿಟ್ಟು, ಯಂತ್ರವನ್ನೂ ಡಬ್ಬಿಯನ್ನೂ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸಾಹೇಬರು, "ಯಾವಾಗ ಬರ್ತೀ?" ಎಂದು ಕೇಳಿದರು. ವೈನಿ ಚಪ್ಪಲಿ ಮೆಟ್ಟಿಕೊಂಡರು. ನಾನು ರಿಕ್ಷಾದಲ್ಲಿ ಸ್ಟೇಶನ್ನಿಗೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸ್ಟೇಶನ್ನಿನಲ್ಲಿ ಪೊಲೀಸಿನವಳೊಬ್ಬಳು ಚೀಲ ತೆರೆಸಿ, ತಂತಿಗಳನ್ನು ಕಂಡು ಇದೇನೆಂದು ಮರಾಠಿಯಲ್ಲಿ ಜೋರು ಮಾಡಿದಳು. ವೈನಿ, "ಮಾಝಂ ಔಷಧ ಆಹೆ" ಅಂದರು, ನನ್ನ ಔಷಧ. ಅವಳು ಮಾಸ್ಕನ್ನು ನೋಡಿ ಬಿಟ್ಟುಕೊಟ್ಟಳು. ದೌಂಡದ ಗಾಡಿಯಲ್ಲಿ ಕಿಟಕಿಯ ಜಾಗ ಸಿಕ್ಕಿತು.

ಸಾಹೇಬರು ಕಂಡವರಿಗೆಲ್ಲ, ಹೆಂಡತಿ ತಂಗಿಯ ಆರೈಕೆಗೆ ಹೋಗಿದ್ದಾಳೆ ಎಂದರು. ನೆರೆಯವರು ಪಾಪ ಎಂದು ಊಟದ ಡಬ್ಬಿ ಕಟ್ಟಿ ಕಳಿಸಿದರು. ಸಾಹೇಬರು ಹೊಸ ಬ್ಯಾಟರಿ ತಂದುಕೊಂಡರು. ಆಮೇಲೂ ಬೇರೆಯವರ ಮನೆಗೆ ಹೋಗಿ ಬ್ಯಾಟರಿ ಜೋಡಿಸಿಕೊಡುವುದನ್ನು ಬಿಡಲಿಲ್ಲ. ಬಿಳಿ ಅಂಗಿ ಲಾಂಡ್ರಿಯಿಂದ ಬರತೊಡಗಿತು. ಜನಕ್ಕೆ ಅವರ ಮೇಲಿನ ಗೌರವ ಮೊದಲಿಗಿಂತ ಹೆಚ್ಚಾಯಿತು ಅನ್ನಬೇಕು.

ಕೆಲವು ದಿನಗಳ ಮೇಲೆ ನಮ್ಮ ಮನೆಗೆ ಬಂದರು. ಅವ್ವನ ಆರೋಗ್ಯ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಾಯಾರ, ಆಕಿ ಫೋನ್ ಮಾಡ್ತಾಳೇನು ನಿಮಗ?" ಅಂದರು.

ಹೌದು ಅಂದೆ. ಒಂದು ಕ್ಷಣ, ಈ ಮನುಷ್ಯ ಬಾ ಎಂದು ಹೇಳಿಕಳಿಸಲು ಬಂದಿರಬಹುದು ಅನ್ನಿಸಿತು.

"ಆ ಡಬ್ಬಿಯೊಳಗ ಕೆಂಪು ವಾಯರ್ ಹಾಕ್ಯಾಳಲ್ಲ, ಅದು ನನ್ನ ಪೆಟಗಿಯೊಳಗಿಂದು. ಕುರಕುಂಭದಾಗಿಂದ ತಂದಿದ್ದೆ. ಅಂಥಾ ತಾಂಬ್ರ ಈಗ ಸಿಗೂದಿಲ್ಲ. ಕಳಸಿಕೊಡು ಅಂತ ಹೇಳ್ರಿ."

ಅವ್ವ, ಅವರನ್ನು ಕೈಯೆತ್ತಿ ಹರಸಿದ್ದ ನನ್ನ ಅವ್ವ, ಮುಖ ಗೋಡೆಗೆ ಹಾಕಿ ಮಲಗಿದಳು. ಅವರು ಇನ್ನೂ ಸ್ವಲ್ಪ ಹೊತ್ತು ಚಹಾ ಬರುವುದೆಂದು ಕೂತು, ಬಾರದ್ದನ್ನು ಕಂಡು ಎದ್ದುಹೋದರು.

ಹೇಳಬಾರದೆಂದಿದ್ದೆ. ಆದರೆ ವೈನಿ ಫೋನು ಮಾಡಿದಾಗ ಬಾಯಿ ತಡೆಯಲಿಲ್ಲ, ಹೇಳಿಬಿಟ್ಟೆ. ಆ ಕಡೆ ಯಾವುದೋ ಗಾಡಿ ಹಾಯ್ದುಹೋಗುವ ಸದ್ದು.

"ಬ್ಯಾರೆ ಏನೂ ಕೇಳಲಿಲ್ಲೇನು?" ಅಂದರು ವೈನಿ.

"ಇಲ್ಲ ವೈನಿ."

"ಹೋಗ್ಲಿ. ವಾಯರ್ ಕಳಸ್ತೇನಿ. ಇಲ್ಲೆ ಬಜಾರದಾಗ ಬ್ಯಾರೆ ಸಿಗ್ತದ." ಫೋನು ಇಡುವ ಮೊದಲು ಅಂದರು: "ಒಂದು ಮಾತು ತಂಗೀ. ನನಗ ಇಲ್ಲೆ ಛಲೋ ನಿದ್ದಿ ಬರ್ತದ ಅಂತ ಅವರ ಮುಂದ ಮಾತ್ರ ಹೇಳಬ್ಯಾಡ. ಅದನ್ನೂ ವಾಪಸ್ ಕೇಳ್ಯಾರು."